ತೆಂಗಿನ ಸೀಮೆಯಲ್ಲಿ ನಿಂತು ನಿಂತು ಹೋದ ಕಾರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ನಕ್ಷೆಯಲ್ಲಿ ಈ ಮೂರು ಊರುಗಳಿಗೆ ಚುಕ್ಕೆ ಇಟ್ಟು ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಅದರೊಳಗೆ ಎತ್ತ ತಿರುಗಿದರೂ ತೆಂಗು. ರಸ್ತೆಯ ಎರಡೂ ಕಡೆ ತೋಟ, ತೋಟದ ನಡುವೆ ಮನೆ, ಮನೆಯ ಮುಂದೆ ಗುಡ್ಡೆ ಹಾಕಿದ ಮಟ್ಟೆ, ಆ ಮಟ್ಟೆಯ ಮೇಲೆ ಮಲಗಿದ ನಾಯಿ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆ ಬೆಂಗಳೂರು–ಹೊನ್ನಾವರ ಹೆದ್ದಾರಿಯನ್ನು ಅಡ್ಡ ಹಾಯುವ ಕಡೆ ಕಿಬ್ಬನಹಳ್ಳಿ ಕ್ರಾಸ್ ಇದೆ. ಎಲ್ಲರ ಬಾಯಲ್ಲೂ ಅದು ಕೆ.ಬಿ. ಕ್ರಾಸ್. ಹೆದ್ದಾರಿಗೆ ಈಗ ನಂಬರು ಏನೇ ಇರಲಿ, ನಮಗೆ ಅದು ಬಿ.ಎಚ್. ರಸ್ತೆಯೇ.

ನಾನು ತಿಪಟೂರಿನಲ್ಲಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ನನ್ನ ಅಕ್ಕ ಚಿಕ್ಕನಾಯಕನಹಳ್ಳಿಯಿಂದಲೂ ಆಚೆ, ಕಂದಿಕೆರೆ ಹೋಬಳಿಯ ಒಂದು ಹಳ್ಳಿಯಲ್ಲಿದ್ದಾಳೆ. ಅವಳಿಗೆ ಎಂಬತ್ತೊಂದು. ಎರಡೂ ಮೂತ್ರಪಿಂಡ ಸೋತಿವೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ತಿಪಟೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಂದು ಸಲಕ್ಕೆ ನಾಲ್ಕು ಗಂಟೆ. ರಕ್ತವನ್ನು ಹೊರಗೆ ತೆಗೆದು, ಯಂತ್ರದಲ್ಲಿ ಶುದ್ಧ ಮಾಡಿ, ಮತ್ತೆ ಒಳಗೆ ಬಿಡುತ್ತಾರೆ. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ. ‘ನಮ್ಮನೇಲೇ ಇದ್ದುಬಿಡಕ್ಕಾ’ ಅಂದರೆ ಕೇಳುವವಳಲ್ಲ. ‘ಹಸ ಯಾರು ನೋಡ್ತಾರೆ? ಅಟ್ಟದಾಗೆ ಕಾಯಿ ಐತೆ. ನಾನು ಬಾಗ್ಲು ಹಾಕ್ಕೊಂಡು ಬಂದ್ರೆ ಮನೆ ದೇವ್ರು ಏನಂದಾನು?’

ಹೀಗಾಗಿ ವಾರಕ್ಕೆರಡು ದಿನ ಬೆಳಗಿನ ಜಾವ ನಾನು ಕಾರು ತೆಗೆದುಕೊಂಡು ಹೋಗಿ ಅವಳನ್ನು ಕರೆತರುವುದು, ಮಧ್ಯಾಹ್ನ ಬಿಟ್ಟು ಬರುವುದು. ಕಾರು ಹದಿನಾಲ್ಕು ವರ್ಷದ್ದು, ಪೆಟ್ರೋಲಿನದು. ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ ಅದಕ್ಕೊಂದು ಚಾಳಿ ಹತ್ತಿತು. ಚೆನ್ನಾಗಿ ಓಡುತ್ತಾ ಓಡುತ್ತಾ, ಯಾರೋ ಕೀಲಿಕೈ ತಿರುಗಿಸಿದ ಹಾಗೆ ಸದ್ದಿಲ್ಲದೆ ನಿಂತುಬಿಡುವುದು. ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕು ಒಂದೆರಡು ಸಲ ತುಳಿದ ಮೇಲೆ ಕಲ್ಲಾಗುತ್ತದೆ. ಹೇಗೋ ಪಕ್ಕಕ್ಕೆ ತರುತ್ತಿದ್ದೆ. ಎಷ್ಟು ಸಲ ಕೀಲಿ ತಿರುಗಿಸಿದರೂ ಕರಕರ ಎನ್ನುವುದೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆ, ನಲವತ್ತು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರು. ಆಮೇಲೆ ಒಂದು ವಾರ ಏನೂ ಇಲ್ಲ. ಮತ್ತೊಂದು ದಿನ ಅದೇ ಕಥೆ.

ಮೊದಲಿಗೆ ದೊಡ್ಡ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ. ಮೂರು ದಿನ ಇಟ್ಟುಕೊಂಡರು. ಬ್ಯಾಟರಿ, ಪ್ಲಗ್ಗು, ಪೆಟ್ರೋಲ್ ಪಂಪು ಮೂರನ್ನೂ ಬದಲಾಯಿಸಿ 14,600 ರೂಪಾಯಿ ಬಿಲ್ಲು ಕೊಟ್ಟರು. ‘ನಮ್ಮಲ್ಲಿ ಒಂದು ಸಲವೂ ಆಫ್ ಆಗಲಿಲ್ಲ ಸಾರ್’ ಅಂದರು. ಅದು ನಿಜವೇ. ಹೊಟ್ಟೆನೋವು ಎನ್ನುವ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅಲ್ಲಿ ಬಿಸ್ಕತ್ತು ತಿನ್ನುತ್ತಾ ನಗುತ್ತಾ ಕೂತಿರುತ್ತದಲ್ಲ, ಹಾಗೆ. ನೆರಳಿನಲ್ಲಿ ತಣ್ಣಗೆ ನಿಂತ ಕಾರು ಯಾಕೆ ಕೆಡುತ್ತದೆ? ಮನೆಗೆ ತಂದ ನಾಲ್ಕನೇ ದಿನ ಶೆಟ್ಟಿಕೆರೆ ಕಡೆಯ ರಸ್ತೆಯಲ್ಲಿ ನಿಂತಿತು.

ಮಗ ಬೆಂಗಳೂರಿನಿಂದ ಫೋನ್ ಮಾಡಿದ. ‘ಅಪ್ಪಾ, ಅದನ್ನ ಮಾರಿಬಿಡಿ. ಎಪ್ಪತ್ತನಾಲ್ಕು ವರ್ಷಕ್ಕೆ ಹೈವೇನಲ್ಲಿ ನಿಂತ ಕಾರಿನಲ್ಲಿ ಕೂತಿರ್ತೀರ. ಟ್ಯಾಕ್ಸಿ ಮಾಡಿಸಿ, ದುಡ್ಡು ನಾನು ಕಳಿಸ್ತೀನಿ.’ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೆಳಗಿನ ಐದು ಗಂಟೆಗೆ ಆ ಹಳ್ಳಿಗೆ ವರ್ಷದ ಉದ್ದಕ್ಕೂ ತಪ್ಪದೆ ಬರುವ ಟ್ಯಾಕ್ಸಿ ಯಾವುದು? ನನಗೆ ಹದಿನೈದು ದಿನ ಕೊಡು ಅಂದೆ.

ಇಲ್ಲಿ ಸ್ವಲ್ಪ ಬ್ಯಾಂಕಿನ ವಿಷಯ ಹೇಳಬೇಕು. ಕಂಪ್ಯೂಟರ್ ಬರುವ ಮೊದಲು ನಾವು ದೊಡ್ಡ ದೊಡ್ಡ ಲೆಡ್ಜರುಗಳಲ್ಲಿ ಕೈಯಲ್ಲೇ ಬರೆದು ಲೆಕ್ಕ ಇಡುತ್ತಿದ್ದೆವು. ಜಮೆ, ಖರ್ಚು ಎರಡರ ಮೊತ್ತವೂ ಒಂದೇ ಬರಬೇಕು. ಬರದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗುವಂತಿಲ್ಲ. ಆಗ ಹಿರಿಯ ಗುಮಾಸ್ತರು ಒಂದು ಉಪಾಯ ಹೇಳಿಕೊಡುತ್ತಿದ್ದರು. ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಹೋದರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ ಎಂದು ಅನುಮಾನಿಸಬಹುದು. 63 ಬರೆಯುವ ಕಡೆ 36 ಬರೆದರೆ ವ್ಯತ್ಯಾಸ 27. 81 ಬರೆಯುವ ಕಡೆ 18 ಬರೆದರೆ 63. ಎರಡೂ ಒಂಬತ್ತರ ಮಗ್ಗಿಯಲ್ಲಿವೆ. ಮಕ್ಕಳೇ, ಬೇರೆ ಯಾವ ಎರಡು ಅಂಕಿ ತಿರುಗಿಸಿ ಕಳೆದರೂ ಹೀಗೇ ಬರುತ್ತದೆ, ಮಾಡಿ ನೋಡಿ. ಸಾವಿರ ನಮೂದುಗಳಲ್ಲಿ ತಪ್ಪು ಎಲ್ಲಿದೆ ಎಂದು ಇದು ಹೇಳುವುದಿಲ್ಲ. ಆದರೆ ಎಂಥ ತಪ್ಪನ್ನು ಹುಡುಕಬೇಕು ಎಂದು ಹೇಳುತ್ತದೆ. ಅಷ್ಟಾದರೆ ಅರ್ಧ ಕೆಲಸ ಮುಗಿದಂತೆ.

ಕಾರಿಗೂ ಒಂದು ಖಾತೆ ತೆರೆದೆ. ಎರಡು ನೂರು ಪುಟದ ನೋಟ್‌ಬುಕ್, ಅದರಲ್ಲಿ ಕೆಂಪು ಗೆರೆ ಎಳೆದ ಕಲಮುಗಳು: ತಾರೀಖು, ಗಂಟೆ, ನಿಂತ ಜಾಗ, ಅದಕ್ಕೆ ಮುಂಚೆ ಎಷ್ಟು ನಿಮಿಷ ಓಡಿತ್ತು, ಬಿಸಿಲೋ ಮೋಡವೋ, ಪೆಟ್ರೋಲ್ ಎಷ್ಟಿತ್ತು, ಎಷ್ಟು ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ ಆರನೇ ಕ್ಲಾಸು ಮುಗಿಸಿದ್ದಳು. ಬರೆಯುವ ಕೆಲಸ ಅವಳು ವಹಿಸಿಕೊಂಡಳು. ಕೊನೆಯಲ್ಲಿ ಅವಳೇ ‘ಇತರೆ’ ಎಂದು ಒಂದು ಕಲಮು ಸೇರಿಸಿ ಅದರಲ್ಲಿ ‘ನವಿಲು ಕಂಡಿತು’, ‘ದೊಡ್ಡಜ್ಜಿ ನಿದ್ದೆ’ ಎಂದೆಲ್ಲ ಬರೆಯುತ್ತಿದ್ದಳು. ಆ ಕಲಮು ಮುಂದೆ ಉಪಯೋಗಕ್ಕೆ ಬಂತು.

ಪುಸ್ತಕ ಹಿಡಿದುಕೊಂಡು ಹೋದದ್ದು ನಮ್ಮೂರಿನ ಒಂದು ಸಣ್ಣ ಗ್ಯಾರೇಜಿಗೆ. ತಗಡಿನ ಮಾಡು, ಮುಂದೆ ಒಂದು ಬೇವಿನ ಮರ, ಪಕ್ಕದಲ್ಲಿ ಪಂಚರ್ ಅಂಗಡಿ. ಮೇಸ್ತ್ರಿಗೆ ಅರವತ್ತು ದಾಟಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಕೆಲಸ ಕಲಿತವರು. ಮಗ ಐಟಿಐ ಓದಿ ಬಂದಿದ್ದಾನೆ. ಅಪ್ಪ ಕಿವಿಯಿಂದ ನೋಡುತ್ತಾರೆ, ಮಗ ಮೊಬೈಲಿನಲ್ಲಿ ನೋಡುತ್ತಾನೆ. ಸ್ಟೀರಿಂಗಿನ ಕೆಳಗೆ ಹದಿನಾರು ತೂತಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ತನಗೆ ಗೊತ್ತಿರುವುದನ್ನೆಲ್ಲ ಮೊಬೈಲಿಗೆ ಹೇಳುತ್ತದೆ. ಹುಡುಗ ಸಿಕ್ಕಿಸಿ ನೋಡಿ, ‘ಯಾವ ಕೋಡೂ ಇಲ್ಲ ಅಪ್ಪಾಜಿ’ ಅಂದ. ಮೇಸ್ತ್ರಿ ನನ್ನ ಕಡೆ ತಿರುಗಿ, ‘ಬ್ಯಾಟರಿ ಯಾವಾಗ ಬದ್ಲಾಯಿಸಿದ್ರು ಸಾರ್?’ ಅಂತ ಕೇಳಿದರು. ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಆ ನೆನಪು ಅಳಿಸಿಹೋಗುತ್ತದಂತೆ. ಹೊಸ ಬ್ಯಾಟರಿ ಹಾಕಿದವರು ಸಾಕ್ಷಿಯನ್ನೂ ಒರೆಸಿದ್ದರು.

ಆಮೇಲೆ ಬಾನೆಟ್ ತೆಗೆದರು. ಒಳಗೆ ಏರ್ ಫಿಲ್ಟರಿನ ಹಿಂದೆ ಒಂದು ಗೂಡು! ತೆಂಗಿನ ನಾರು, ಒಂದಷ್ಟು ಹುಲ್ಲು, ಪುಟ್ಟಿಯ ಕೂದಲಿಗೆ ಕಟ್ಟುವ ಹಳದಿ ರಿಬ್ಬನ್ನಿನ ತುಂಡು. ಇಲಿಯ ಕೆಲಸ. ನಮ್ಮ ಸೀಮೆಯ ಮೆಕ್ಯಾನಿಕ್ಕುಗಳಿಗೆ ಇದು ಹೊಸದಲ್ಲ. ಮನೆಯ ಅಟ್ಟದಲ್ಲಿ ತಿಂಗಳುಗಟ್ಟಲೆ ಕಾಯಿ ಇರುತ್ತದೆ, ಕಾಯಿ ಇದ್ದ ಕಡೆ ಇಲಿ, ಅಳಿಲು ಇರುತ್ತವೆ. ರಾತ್ರಿ ಬೆಚ್ಚಗಿರುವ ಎಂಜಿನ್ ಸಿಕ್ಕರೆ ಬಾಣಂತನಕ್ಕೆ ಅಲ್ಲಿಗೇ ಬರುತ್ತವೆ. ಒಂದು ವೈರನ್ನು ತಾಮ್ರ ಕಾಣುವವರೆಗೆ ಕಡಿದಿತ್ತು. ಮೇಸ್ತ್ರಿ ಅದನ್ನು ಕತ್ತರಿಸಿ, ಬೆಸೆದು, ಟೇಪು ಸುತ್ತಿ, ‘ಇದೇ ಇರಬಹುದು, ಆದ್ರೆ ಇದೇ ಅಂತ ಹೇಳಲ್ಲ’ ಅಂದರು. 300 ರೂಪಾಯಿ ತೆಗೆದುಕೊಂಡರು. ಆ ಮಾತು ನನಗೆ ಹಿಡಿಸಿತು. ಖಚಿತವಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಬ್ಯಾಂಕಿನಲ್ಲೂ ಕಡಿಮೆ, ಗ್ಯಾರೇಜಿನಲ್ಲೂ ಕಡಿಮೆ.

ಎಂಟು ದಿನ ಆರಾಮಾಗಿ ಓಡಿತು. ಒಂಬತ್ತನೇ ದಿನ ಶುಕ್ರವಾರ. ಡಯಾಲಿಸಿಸ್ ಮುಗಿಸಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟಿದ್ದೆವು. ಚಿಕ್ಕನಾಯಕನಹಳ್ಳಿಯಲ್ಲಿ ಮಾತ್ರೆ ತೆಗೆದುಕೊಳ್ಳಲು ಹತ್ತು ನಿಮಿಷ ನಿಲ್ಲಿಸಿ ಮುಂದಕ್ಕೆ ಹೋದರೆ, ಊರು ದಾಟಿದ ಮೇಲೆ, ಮನೆಯೂ ಇಲ್ಲದ ಮರವೂ ಇಲ್ಲದ ಕಡೆ ನಿಂತಿತು. ಮಧ್ಯಾಹ್ನ ಎರಡು ಗಂಟೆ. ಬಿಸಿಲು ಅಂದರೆ ಬಿಸಿಲು. ಅಕ್ಕ ಅವತ್ತು ಬಹಳ ಸುಸ್ತಾಗಿದ್ದಳು. ಬಾಯಾರಿಕೆಯಾದರೂ ಅವಳು ಬೇಕಾದಷ್ಟು ನೀರು ಕುಡಿಯುವಂತಿಲ್ಲ, ದಿನಕ್ಕೆ ಇಷ್ಟೇ ಎಂದು ಅಳತೆ ಇದೆ. ಎಳನೀರಂತೂ ಕೂಡದು, ಅದರಲ್ಲಿರುವ ಪೊಟ್ಯಾಸಿಯಂ ಅನ್ನು ಹೊರಗೆ ಹಾಕುವ ಶಕ್ತಿ ಸೋತ ಮೂತ್ರಪಿಂಡಕ್ಕೆ ಇರುವುದಿಲ್ಲ, ಅದು ಹೃದಯಕ್ಕೆ ಅಪಾಯ. ಮುನ್ನೂರು ತೆಂಗಿನ ಮರದ ಯಜಮಾನಿ, ಎಳನೀರಿಗೆ ಬಾಯಿ ಹಾಕುವಂತಿಲ್ಲ. ಪುಟ್ಟಿ ತನ್ನ ಟವೆಲ್ಲನ್ನು ಒದ್ದೆ ಮಾಡಿ ಅಜ್ಜಿಯ ಹಣೆಗೆ ಒತ್ತುತ್ತಾ ಕೂತಳು. ನಲವತ್ತೆರಡು ನಿಮಿಷ. ಆ ನಲವತ್ತೆರಡು ನಿಮಿಷದಲ್ಲಿ ಮಗ ಹೇಳಿದ್ದು ಸರಿಯೇನೋ ಎಂದು ನನಗೂ ಅನ್ನಿಸಿತು.

ಮನೆ ಮುಟ್ಟಿದ ಮೇಲೆ ಅಕ್ಕ ಜಗುಲಿಯಲ್ಲಿ ಒರಗಿಕೊಂಡು, ‘ಯಾಕೋ ಮುಖ ಹಂಗೆ ಮಾಡ್ಕಂಡಿದೀಯ? ಕಾರಲ್ವೇನೋ ನಿಂತಿದ್ದು, ನಾನಾ?’ ಅಂದಳು.

ಅವಳ ಮನೆಯ ಅಟ್ಟದ ಬಗ್ಗೆ ಒಂದೆರಡು ಮಾತು ಹೇಳದೆ ಮುಂದಕ್ಕೆ ಹೋಗಬಾರದು, ಪಟ್ಟಣದ ಮಕ್ಕಳಿಗೆ ಗೊತ್ತಿರುವುದಿಲ್ಲ. ಬೇರೆ ಕಡೆ ಹೆಚ್ಚಾಗಿ ಕಾಯಿ ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುತ್ತಾರೆ. ನಮ್ಮ ತಿಪಟೂರಿನ ಉಂಡೆ ಕೊಬ್ಬರಿ ಹಾಗಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು, ಹತ್ತು, ಕೆಲವು ಸಲ ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಎನ್ನುತ್ತದೆ. ಅದು ಗಿಟುಕು. ಅಕ್ಕ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಆಗಿದೆಯೋ, ಇನ್ನೂ ತಿಂಗಳು ಬೇಕೋ, ಕೊಳೆತಿದೆಯೋ ಹೇಳುತ್ತಾಳೆ. ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದಂತೆ ತೆಗೆದು ತಿಪಟೂರಿನ ಮಾರುಕಟ್ಟೆಗೆ ಹಾಕುವುದು. ಅಲ್ಲಿಂದ ಅದು ಉತ್ತರ ಭಾರತದ ಮದುವೆ ಮನೆಗಳಿಗೂ ಹೋಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಒಂದು ವರ್ಷ ಅಟ್ಟದಲ್ಲಿ ಕಾಯಬೇಕಾದ ಬೆಳೆ ಇದು. ಅಕ್ಕನ ತಾಳ್ಮೆ ಅಲ್ಲಿಂದ ಬಂದದ್ದೆಂದು ನನ್ನ ಊಹೆ.

ಮಾರನೆಯ ದಿನ ಮೇಸ್ತ್ರಿಯ ಮುಂದೆ ಪುಸ್ತಕ ಬಿಚ್ಚಿದೆ. ಒಂಬತ್ತು ನಮೂದುಗಳು. ಅವರು ಕನ್ನಡಕ ಹಾಕಿಕೊಂಡು, ಬೆರಳಿಗೆ ಗ್ರೀಸು ಇದ್ದದ್ದರಿಂದ ಪುಟ ಮುಟ್ಟದೆ, ಪುಟ್ಟಿಯ ಕೈಲಿ ಓದಿಸಿದರು. ಬೆಳಗ್ಗೆ ಹತ್ತರೊಳಗೆ ನಿಂತದ್ದು ಒಂದೂ ಇಲ್ಲ. ಮೋಡ ಇದ್ದ ದಿನ ಒಂದೂ ಇಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧ ಇದ್ದಾಗಲೂ ನಿಂತಿದೆ, ತುಂಬಿದ್ದಾಗಲೂ ನಿಂತಿದೆ. ಒಂಬತ್ತರಲ್ಲಿ ಏಳು ಸಲ, ದೂರ ಓಡಿಸಿ, ಎಲ್ಲೋ ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಹೊರಟ ಸ್ವಲ್ಪ ಹೊತ್ತಿಗೆ. ಉಳಿದೆರಡು ಸಲ ಮಟ್ಟೆ ತುಂಬಿದ ಟ್ರ್ಯಾಕ್ಟರಿನ ಹಿಂದೆ ನಿಧಾನಕ್ಕೆ ಹೋಗುತ್ತಿದ್ದಾಗ. ಟ್ರ್ಯಾಕ್ಟರಿನ ವಿಷಯ ಇದ್ದದ್ದು ಪುಟ್ಟಿಯ ‘ಇತರೆ’ ಕಲಮಿನಲ್ಲಿ.

‘ಹತ್ತು ನಿಮಿಷ ನಿಲ್ಸಿದ ಮೇಲೆ’ ಅಂತ ಮೇಸ್ತ್ರಿ ಎರಡು ಸಲ ಹೇಳಿಕೊಂಡರು. ಆಮೇಲೆ ನಮಗೆ ವಿವರಿಸಿದರು. ಎಂಜಿನ್ ಓಡುತ್ತಿರುವಾಗ ನೀರು ಸುತ್ತುತ್ತಿರುತ್ತದೆ, ಎದುರು ಗಾಳಿ ಬಡಿಯುತ್ತದೆ. ನಿಲ್ಲಿಸಿದ ಕೂಡಲೇ ಎರಡೂ ಬಂದ್. ಕಾದ ಕಬ್ಬಿಣದ ಕಾವು ಹೋಗಲು ದಾರಿ ಇಲ್ಲದೆ ಬಾನೆಟ್ಟಿನ ಕೆಳಗೆ ಮೊದಲಿಗಿಂತ ಹೆಚ್ಚಾಗುತ್ತದೆ. ಒಲೆ ಆರಿಸಿದ ಮೇಲೂ ಮುಚ್ಚಿಟ್ಟ ಪಾತ್ರೆಯಲ್ಲಿ ಅನ್ನ ಅರಳುವ ಹಾಗೆ. ಹಿಂದೆ ಕಾರ್ಬ್ಯುರೇಟರ್ ಕಾಲದಲ್ಲಿ ಆ ಕಾವಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಡ್ರೈವರುಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತಿಸುತ್ತಿದ್ದರು. ನನಗೂ ನೆನಪಿದೆ, ನನ್ನ ಓರಗೆಯವರಿಗೆಲ್ಲ ನೆನಪಿರುತ್ತದೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು. ‘ಈಗಿನ ಗಾಡೀಲಿ ಬಿಸಿಗೆ ನಿಲ್ಲೋದು ಬೇರೆ ಯಾವ್ದೋ ಸಾಮಾನು. ಅನುಮಾನ ಐತೆ. ಆದ್ರೆ ಅನುಮಾನಕ್ಕೆಲ್ಲ ಸಾಮಾನು ಬದ್ಲಾಯಿಸ್ಬಾರ್ದು. ಅದು ನಿಂತಾಗ ನಾನು ಅಲ್ಲಿರಬೇಕು ಸಾರ್. ಭಾನುವಾರ ಹೋಗಾಣ, ನಾನೇ ಬರ್ತೀನಿ.’

ಹೀಗೆ, ಕಾರು ಕೆಡಲಿ ಎಂದು ಹರಸಿಕೊಂಡು ನಾವು ಮೂವರು ಪ್ರವಾಸ ಹೊರಟೆವು.

ಹೊರಟದ್ದೇ ಹನ್ನೊಂದು ಗಂಟೆಗೆ, ಬಿಸಿಲೇರಲಿ ಎಂದು. ಮೇಸ್ತ್ರಿಯ ಕಾಲ ಬಳಿ ಮೀಟರು, ಸ್ಪ್ಯಾನರ್ ಚೀಲ, ಎರಡು ಬಾಟಲಿ ತಣ್ಣೀರು. ಮಗನ ಪುಟ್ಟ ಯಂತ್ರ ಸಾಕೆಟ್ಟಿನಲ್ಲಿ. ತಿಪಟೂರಿನಿಂದ ನೊಣವಿನಕೆರೆ ಮೇಲೆ ತುರುವೇಕೆರೆಗೆ ಹೋದೆವು. ನೊಣವಿನಕೆರೆಯ ಕೆರೆ ದೊಡ್ಡದು. ಏರಿಯ ಹತ್ತಿರ ನಿಧಾನ ಮಾಡಿದೆ. ನೀರು ಒಳಕ್ಕೆ ಸರಿದಿತ್ತು, ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿಗಳು. ಕಾರು ಸಕ್ಕರೆಯ ಹಾಗೆ ಓಡುತ್ತಿತ್ತು. ‘ಇವತ್ತು ಒಳ್ಳೇ ಹುಡ್ಗ ಆಗ್ಬಿಟ್ಟೈತೆ’ ಎಂದು ಮೇಸ್ತ್ರಿ ಬೇಸರಪಟ್ಟುಕೊಂಡರು.

ತುರುವೇಕೆರೆಗೆ ಬಂದ ಮೇಲೆ ಗಂಗಾಧರೇಶ್ವರನ ಗುಡಿಯ ನಂದಿಯನ್ನು ಪುಟ್ಟಿಗೆ ತೋರಿಸದಿರಲು ಸಾಧ್ಯವೇ? ಕರಿಕಲ್ಲಿನ ದೊಡ್ಡ ಬಸವ. ನೂರಾರು ವರ್ಷದ ಹಿಂದೆ ಕೈಯಲ್ಲಿ ಉಜ್ಜಿ ಕೊಟ್ಟ ಹೊಳಪು ಇನ್ನೂ ಮಾಸಿಲ್ಲ, ಹತ್ತಿರ ಹೋದರೆ ನಮ್ಮ ನೆರಳು ಅದರ ಮೈಮೇಲೆ ಕಾಣುತ್ತದೆ. ಕೊರಳಿನ ಗೆಜ್ಜೆ ಸರ ಈಗ ತಾನೇ ಕಟ್ಟಿದ ಹಾಗಿದೆ. ಮೇಸ್ತ್ರಿ ಮೂವತ್ತು ವರ್ಷದಿಂದ ಆ ರಸ್ತೆಯಲ್ಲಿ ಓಡಾಡಿದವರು, ಗುಡಿಯ ಒಳಗೆ ಬಂದದ್ದು ಅವತ್ತೇ. ಬೆರಳ ಗಂಟಿನಿಂದ ನಂದಿಯ ಬೆನ್ನನ್ನು ಮೆಲ್ಲಗೆ ತಟ್ಟಿ ನೋಡಿದರು. ಅಭ್ಯಾಸಬಲ. ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ ಗುಡಿಯನ್ನೂ ನೋಡಿದೆವು, ಹದಿಮೂರನೇ ಶತಮಾನದ್ದು. ನೆರಳು ತಂಪಾಗಿತ್ತು, ಒಂದು ಗಂಟೆಗೂ ಹೆಚ್ಚು ಕಾಲ ಕಳೆದೆವು. ಹೊರಗೆ ಬಂದು ಕೀಲಿ ತಿರುಗಿಸಿದರೆ ಕಾರು ಥಟ್ಟನೆ ಶುರು. ‘ಆರಿಹೋಗೈತೆ ಸಾರ್, ನಿಮ್ಮ ದೇವ್ರೇ ಕಾಪಾಡಿಬಿಟ್ಟ’ ಅಂದರು ಮೇಸ್ತ್ರಿ.

ಅಲ್ಲಿಂದ ಕೆ.ಬಿ. ಕ್ರಾಸ್. ಅಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವವರು ಕಡಿಮೆ. ಪುಟ್ಟಿಗೆ ಒಂದು ಇಡ್ಲಿಯೇ ತಟ್ಟೆ ತುಂಬ. ಆದರೆ ಮೇಸ್ತ್ರಿ ಗಡಿಯಾರ ನೋಡುತ್ತಾ ನಿಂತೇ ತಿಂದರು. ‘ಹತ್ತೇ ನಿಮಿಷ. ಪುಸ್ತಕದಾಗೆ ಹಂಗೇ ಬರ್ದೈತೆ.’ ಕಾರನ್ನು ಬೇಕೆಂದೇ ಬಿಸಿಲಿಗೆ ನಿಲ್ಲಿಸಿದ್ದೆವು. ಹತ್ತಿರದಲ್ಲೇ ಅರಳಗುಪ್ಪೆ ಇದೆ. ಅಲ್ಲಿಯ ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು, ಸಾವಿರ ವರ್ಷಕ್ಕೂ ಹಳೆಯ ಕೆಲಸ. ‘ಅಲ್ಲಿಗೂ ಹೋಗೋಣ ತಾತ’ ಎಂದಳು ಪುಟ್ಟಿ. ‘ಇನ್ನೊಂದು ದಿನ ಕಣವ್ವ, ಈಗ ಗಾಡಿ ಆರಿದ್ರೆ ಮತ್ತೆ ಮೊದ್ಲಿಂದ’ ಎಂದರು ಮೇಸ್ತ್ರಿ.

ಚಿಕ್ಕನಾಯಕನಹಳ್ಳಿ ರಸ್ತೆಗೆ ತಿರುಗಿ ಆರು ನಿಮಿಷ ಆಗಿರಬೇಕು. ಸದ್ದು ನಿಂತುಹೋಯಿತು.

‘ಬಂತು!’ ಎಂದು ಮೇಸ್ತ್ರಿ ಚಪ್ಪಾಳೆ ತಟ್ಟಿದರು. ಪುಟ್ಟಿ ಹಿಂದಿನ ಸೀಟಿನಲ್ಲಿ ಕುಣಿದಳು. ಕೆಟ್ಟು ನಿಂತ ಕಾರಿನಲ್ಲಿ ಮೂವರು ನಗುತ್ತಿರುವುದನ್ನು ಕಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಇಳಿದು ನೋಡಿದರು.

ಕಾರನ್ನು ಪಕ್ಕಕ್ಕೆ ತಳ್ಳಿ, ಹಿಂದೆ ಒಂದು ಗರಿ ಅಡ್ಡ ಇಟ್ಟು, ಮೇಸ್ತ್ರಿ ಕೆಲಸ ಶುರು ಮಾಡಿದರು. ಮೊದಲು ಕೀಲಿಯನ್ನು ಅರ್ಧ ತಿರುಗಿಸಿ ಎಲ್ಲರನ್ನೂ ಸುಮ್ಮನಿರಿಸಿದರು. ಹಿಂದಿನ ಸೀಟಿನ ಕೆಳಗೆ ಜುಯ್ ಎಂದು ಪೆಟ್ರೋಲ್ ಪಂಪಿನ ಸದ್ದು. ಅದು ಸರಿ ಇದೆ. ಆಮೇಲೆ ಪೂರ್ತಿ ತಿರುಗಿಸಲು ಹೇಳಿ ಪುಟ್ಟಿಗೆ, ‘ಆ ಮುಳ್ಳು ನೋಡ್ತಾ ಇರವ್ವ, ಎಂಜಿನ್ ಎಷ್ಟು ಸುತ್ತು ತಿರುಗ್ತೈತೆ ಅಂತ ತೋರ್ಸೋದು’ ಅಂದರು. ಎಂಜಿನ್ ಕರಕರ ತಿರುಗುತ್ತಿತ್ತು. ‘ಮುಳ್ಳು ಏಳ್ತಾನೇ ಇಲ್ಲ, ಸೊನ್ನೆ’ ಎಂದಳು. ಮೊಬೈಲಿನಲ್ಲೂ ಸೊನ್ನೆ. ನಮ್ಮ ಕಿವಿಗೆ ಎಂಜಿನ್ ತಿರುಗುವುದು ಕೇಳುತ್ತಿದೆ, ಕಂಪ್ಯೂಟರಿಗೆ ಮಾತ್ರ ಗೊತ್ತೇ ಇಲ್ಲ!

ಮೇಸ್ತ್ರಿಯ ಅನುಮಾನ ಇದ್ದದ್ದು ಇದರ ಮೇಲೆಯೇ. ಎಂಜಿನ್ನಿನ ಮುಖ್ಯ ದಂಡಕ್ಕೆ ಕ್ರ್ಯಾಂಕ್ ಶಾಫ್ಟ್ ಎನ್ನುತ್ತಾರೆ. ಅದರ ಜೊತೆ ಹಲ್ಲಿನ ಒಂದು ಚಕ್ರ ತಿರುಗುತ್ತದೆ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಸೆನ್ಸರ್. ಅದರೊಳಗೆ ಒಂದು ಅಯಸ್ಕಾಂತ, ಅದಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ನೂರಾರು ಸುತ್ತು. ಒಂದೊಂದು ಹಲ್ಲು ಮುಂದೆ ಹಾದಾಗಲೂ ತಂತಿಯಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಕಂಪ್ಯೂಟರ್ ಅದನ್ನು ಎಣಿಸುತ್ತದೆ. ಚಕ್ರದಲ್ಲಿ ಒಂದು ಕಡೆ ಬೇಕೆಂದೇ ಒಂದೆರಡು ಹಲ್ಲು ಬಿಟ್ಟಿರುತ್ತಾರೆ. ಕೆಲವು ಎಂಜಿನ್ನುಗಳಲ್ಲಿ 36ಕ್ಕೆ ಒಂದು, ಕೆಲವದರಲ್ಲಿ 60ಕ್ಕೆ ಎರಡು ಕಡಿಮೆ. ಆ ಬೋಡು ಜಾಗ ಬಂದಾಗ ‘ಓ, ಒಂದು ಸುತ್ತು ಆಯಿತು’ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಅದನ್ನು ನೋಡಿಕೊಂಡೇ ಯಾವ ಕ್ಷಣಕ್ಕೆ ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣಕ್ಕೆ ಕಿಡಿ ಕೊಡಬೇಕು ಎಂದು ಹೇಳುವುದು. ಮಿಡಿತ ಬರದಿದ್ದರೆ ಎಂಜಿನ್ ನಿಂತಿದೆ ಎಂದುಕೊಂಡು ಎರಡನ್ನೂ ನಿಲ್ಲಿಸುತ್ತದೆ. ಆ ತಂತಿ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ, ತಣ್ಣಗಿರುವಾಗ ತುದಿಗೆ ತುದಿ ತಾಗಿಕೊಂಡಿರುತ್ತದೆ. ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಆರಿದರೆ ಮತ್ತೆ ತಾಗುತ್ತದೆ.

‘ಈಗ ನೋಡಿ’ ಎಂದು ಮೇಸ್ತ್ರಿ ಕಾರಿನ ಕೆಳಗೆ ತೂರಿ ತಣ್ಣೀರನ್ನು ಆ ಸೆನ್ಸರಿನ ಮೇಲೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಸುರಿದರು. ಪುಟ್ಟಿ ಅಲ್ಲೇ ತೋಟದ ಕಡೆ ಕೈ ತೋರಿಸಿ ‘ಎಳನೀರು ಆಗುತ್ತಾ?’ ಎಂದು ಕೇಳಿದಳು. ‘ಅಂಟು ಆಗ್ತೈತೆ, ಇರುವೆ ಬರ್ತವೆ, ಅದ್ನ ನಾವು ಕುಡಿಯಾಣ’ ಎಂದು ಕೆಳಗಿನಿಂದ ಉತ್ತರ ಬಂತು. ಮಕ್ಕಳೇ, ಕಾದ ಎಂಜಿನ್ನಿಗೆ ನೀರು ಹಾಕುವುದು ಗೊತ್ತಿರುವವರ ಕೆಲಸ. ನೀವು ಮಾಡಬೇಡಿ, ನಿಮ್ಮ ತಾತನಿಗೂ ಬಿಡಬೇಡಿ. ಎರಡು ನಿಮಿಷ ಬಿಟ್ಟು ಕೀಲಿ ತಿರುಗಿಸಿದೆ. ಮುಳ್ಳು ಎದ್ದಿತು, ಎಂಜಿನ್ ಶುರುವಾಯಿತು. ಹಿಂದೆ ನಲವತ್ತು ನಿಮಿಷ ಕಾಯಬೇಕಾಗಿದ್ದ ಕಡೆ ಎರಡು ನಿಮಿಷ.

ಅಷ್ಟಾದರೂ ಮೇಸ್ತ್ರಿ ಹೊಸ ಸಾಮಾನು ತರಿಸಲಿಲ್ಲ. ಗ್ಯಾರೇಜಿಗೆ ವಾಪಸು ಬಂದು, ಸೆನ್ಸರ್ ಬಿಚ್ಚಿ, ಪಕ್ಕದ ಟೀ ಅಂಗಡಿಯಿಂದ ಬಿಸಿನೀರು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದ್ದಿದರು. ಮೀಟರಿನ ತಂತಿ ಹಿಡಿದವಳು ಪುಟ್ಟಿ. ತಣ್ಣಗಿದ್ದಾಗ ಅಂಕಿ ತೋರಿಸುತ್ತಿದ್ದ ಮೀಟರು, ಬಿಸಿಯೇರುತ್ತಾ ಬಂದ ಹಾಗೆ ಒಂದು ಸಲ ನಡುಗಿ, ತಂತಿ ತುಂಡಾಗಿದೆ ಎಂಬ ಗುರುತಿಗೆ ಬಂದು ನಿಂತಿತು. ತೆಗೆದು ಆರಿಸಿದರೆ ಮತ್ತೆ ಅ��ಕಿ. ಮೂರು ಸಲ ಮಾಡಿ ನೋಡಿದರು. ‘ಈಗ ಹೇಳ್ತೀನಿ ಸಾರ್, ಇದೇ’ ಎಂದರು.

ಹೊಸ ಸೆನ್ಸರಿಗೆ 1,150 ರೂಪಾಯಿ. ಕೂಲಿ, ಭಾನುವಾರದ ಓಡಾಟ ಎಲ್ಲ ಸೇರಿ 800 ಕೇಳಿದರು. ನಾನು ಸಾವಿರ ಕೊಡಹೋದರೆ ಇನ್ನೂರು ವಾಪಸು ಕೊಟ್ಟು, ‘ನಿಮ್ಮ ಪುಸ್ತಕ ಇಲ್ದಿದ್ರೆ ನಾನೂ ಇನ್ನೆರಡು ಸಾಮಾನು ಬದ್ಲಾಯಿಸಿರ್ತಿದ್ದೆ’ ಅಂದರು. ಹಳೇ ಸೆನ್ಸರನ್ನು ಪುಟ್ಟಿ ಶಾಲೆಗೆ ತೋರಿಸಬೇಕೆಂದು ಇಸಿದುಕೊಂಡಳು. ಗುಂಡುಸೂಜಿಗಳು ಅದಕ್ಕೆ ಈಗಲೂ ಅಂಟಿಕೊಳ್ಳುತ್ತವಂತೆ. ಮಗನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ‘ಸರಿ ಅಪ್ಪಾ, ಆದ್ರೆ ರಾತ್ರಿ ಹೊತ್ತು ಓಡಿಸ್ಬೇಡಿ’ ಎಂದ. ಒಪ್ಪಿಕೊಂಡೆ. ಅದು ನ್ಯಾಯವೇ.

ಆಮೇಲಿನ ಮಂಗಳವಾರ ಬಿಸಿಲು ಜೋರಾಗಿಯೇ ಇತ್ತು. ಚಿಕ್ಕನಾಯಕನಹಳ್ಳಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಮಾತ್ರೆ ತೆಗೆದುಕೊಂಡೆ. ಆ ಮರವಿಲ್ಲದ ಜಾಗ ಬಂತು, ಹೋಯಿತು. ಅಕ್ಕ ನಿದ್ದೆ ಮಾಡುತ್ತಿದ್ದಳು, ಅವಳಿಗೆ ಗೊತ್ತೇ ಆಗಲಿಲ್ಲ. ಮನೆಗೆ ಹೋದ ಮೇಲೆ ಮೇಸ್ತ್ರಿಯ ವಿಷಯ ಹೇಳಿದೆ. ಅವಳು ಆಳಿನ ಕೈಲಿ ಅಟ್ಟದಿಂದ ಹತ್ತು ಕಾಯಿ ಇಳಿಸಿಕೊಂಡು, ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ನಾಲ್ಕನ್ನು ಆರಿಸಿ ಚೀಲಕ್ಕೆ ಹಾಕಿ ಕಳಿಸಿದಳು. ಸಂಜೆ ಗ್ಯಾರೇಜಿನಲ್ಲಿ ಮೇಸ್ತ್ರಿಯೂ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದರು. ಮೂರನ್ನು ಒಳಗಿಟ್ಟರು. ನಾಲ್ಕನೆಯದನ್ನು ಇನ್ನೊಮ್ಮೆ ಅಲ್ಲಾಡಿಸಿ, ‘ಇದಕ್ಕೆ ಇನ್ನೂ ಹದಿನೈದು ದಿನ ಬೇಕು ಅಂತ ಅಮ್ಮಾರಿಗೆ ಹೇಳಿ ಸಾರ್’ ಅಂದರು.

ಶುಕ್ರವಾರ ಹೇಳಿದೆ. ‘ಅವನಿಗೇನೋ ಗೊತ್ತು ಕಾಯಿ ವಿಷ್ಯ, ಒಡೆದು ನೋಡಕ್ಕೆ ಹೇಳು’ ಎಂದಳು ಅಕ್ಕ. ಕಾಯಿ ಈಗ ಗ್ಯಾರೇಜಿನ ಟೂಲ್ಸ್ ಪೆಟ್ಟಿಗೆಯ ಮೇಲಿದೆ, ಇಬ್ಬರೂ ಒಪ್ಪುವವರೆಗೆ ಒಡೆಯುವ ಹಾಗಿಲ್ಲ.